ದೀಪದ ಬುಡದ ಕತ್ತಲೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ದೂರದ ಬೆಟ್ಟದಿಂದ ಯಾರೋ ತಂದ ಬೇರನ್ನು ಕಣ್ಣಿಗೊತ್ತಿಕೊಂಡು ಅರೆದು ಕುಡಿಯುತ್ತೇವೆ. ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಬೆಳೆದ ಗಿಡವನ್ನು ಕಳೆಯೆಂದು ಕಿತ್ತೆಸೆಯುತ್ತೇವೆ. ಇದು ಗಿಡಮೂಲಿಕೆಗಳಿಗೆ ಮಾತ್ರ ಸಂಬಂಧಿಸಿದ ಮಾತಲ್ಲವೆಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ನಮ್ಮ ಮನೆಯ ಹಿತ್ತಲನ್ನು ನಾವು ತಿರುಗಿ ನೋಡುವುದು ಕಡಿಮೆ.

ಈ ಗಾದೆಗೆ ಭಾಷ್ಯದಂತಿರುವ ಒಂದು ಬಾಳು ಫ್ರಾನ್ಸ್ ದೇಶದ ಕಲಾ ಇತಿಹಾಸದಲ್ಲಿದೆ. ಆತನ ಹೆಸರು ಫೆಲಿಕ್ಸ್ ಬ್ರಾಕ್‌ಮೋನ್. ಹತ್ತೊಂಬತ್ತನೆಯ ಶತಮಾನದ ಯುರೋಪಿಗೆ ಜಪಾನಿನ ಚಿತ್ರಕಲೆಯ ಸೊಗಸನ್ನು ಮೊದಮೊದಲಿಗೆ ತೋರಿಸಿಕೊಟ್ಟವರಲ್ಲಿ ಆತನೊಬ್ಬ. ಸಾಧಕರ ಬಾಳನ್ನು ಕುರಿತು ಬರೆಯುವಾಗ ಅವರ ಗೆಲುವನ್ನಷ್ಟೇ ಹೇಳಿ ಮುಗಿಸುವುದು ವಾಡಿಕೆ. ಈ ತಿಂಗಳು ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಆತನ ಗೆಲುವಿನಷ್ಟೇ ಆತನ ಕೊರತೆಯೂ ಸಂಸಾರಸ್ಥರಾದ ನಮಗೆ ಪಾಠವಾಗಬಲ್ಲುದೆಂಬ ಕಾರಣದಿಂದ ಎರಡನ್ನೂ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಪುಸ್ತಕವೇ ಗುರು

ಫೆಲಿಕ್ಸ್ ಹುಟ್ಟಿದ್ದು 1833ರ ಮೇ 22ರಂದು, ಪ್ಯಾರಿಸ್ ನಗರದಲ್ಲಿ. ಎಳೆಯ ವಯಸ್ಸಿನಲ್ಲಿಯೇ ಕಲ್ಲಚ್ಚಿನ ಮುದ್ರಣಾಲಯವೊಂದರಲ್ಲಿ ಕೆಲಸ ಕಲಿಯಲು ಸೇರಿದ. ಆ ಹುಡುಗನ ಕೈಚಳಕವನ್ನು ಜೋಸೆಫ್ ಗಿಶಾರ್ ಎಂಬ ಚಿತ್ರಕಾರ ಕಂಡು ತನ್ನ ಬಳಿಗೆ ಕರೆದುಕೊಂಡ. ಗಿಶಾರ್ ಸಾಮಾನ್ಯನಲ್ಲ, ಆ ಕಾಲದ ಫ್ರೆಂಚ್ ಚಿತ್ರಕಲೆಯ ಹಿರಿಯ ತಲೆ ಎನಿಸಿದ್ದ ಆಂಗ್ರ್‌ನ ಶಿಷ್ಯ. ರೇಖೆಯೇ ಚಿತ್ರದ ಪ್ರಾಣವೆಂಬುದು ಆ ಪರಂಪರೆಯ ಮೂಲಮಂತ್ರ. ಫೆಲಿಕ್ಸ್ ಅದನ್ನು ಜೀವನಪರ್ಯಂತ ಬಿಡಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆತ ಬಿಡಿಸಿದ ತನ್ನ ಅಜ್ಜಿಯ ಭಾವಚಿತ್ರ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ವಿಮರ್ಶಕರ ಗಮನ ಸೆಳೆಯಿತು.

ಆದರೆ ಆತನ ಹೆಸರು ಉಳಿದದ್ದು ಬಣ್ಣದ ಚಿತ್ರಗಳಿಂದಲ್ಲ. ‘ಎಚಿಂಗ್’ ಎಂಬ ತಾಮ್ರಫಲಕದ ಅಚ್ಚುಚಿತ್ರಗಳಿಂದ. ಈ ಕಲೆಯ ರೀತಿಯನ್ನು ನಮ್ಮ ತಾಯಂದಿರು ಸುಲಭವಾಗಿ ಗ್ರಹಿಸಬಲ್ಲರು. ತಾಮ್ರದ ತಂಬಿಗೆಗೆ ಹುಣಸೆಹಣ್ಣು ತಿಕ್ಕಿದರೆ ಹುಳಿಯು ಕಿಲುಬನ್ನು ತಿಂದು ಲೋಹವನ್ನು ಹೊಳೆಯಿಸುತ್ತದೆ. ಹುಳಿಯ ಬದಲು ಉಗ್ರವಾದ ಆಮ್ಲವನ್ನು ಬಳಸಿದರೆ ಅದು ತಾಮ್ರವನ್ನೇ ತಿನ್ನುತ್ತದೆ. ಕಲಾವಿದ ಮೊದಲು ನುಣುಪಾದ ತಾಮ್ರದ ತಗಡಿಗೆ ಮೇಣ, ರಾಳಗಳ ತೆಳುವಾದ ಲೇಪ ಕೊಡುತ್ತಾನೆ. ಆ ಲೇಪದ ಮೇಲೆ ಸೂಜಿಯಂಥ ಮೊನೆಯಿಂದ ಚಿತ್ರ ಗೀರುತ್ತಾನೆ. ಬಳಿಕ ತಗಡನ್ನು ಆಮ್ಲದಲ್ಲಿ ಇಳಿಸುತ್ತಾನೆ. ಲೇಪವಿರುವ ಕಡೆ ಆಮ್ಲ ಮುಟ್ಟದು. ಗೀರು ಬಿದ್ದ ಕಡೆ ಕೊರೆಯುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಗೆರೆ ತೆಳುವು, ಹೆಚ್ಚು ಹೊತ್ತು ಬಿಟ್ಟರೆ ಗೆರೆ ಗಾಢ. ಕೊನೆಗೆ ಲೇಪವನ್ನು ತೆಗೆದು, ಕೊರೆದ ಗೆರೆಗಳಲ್ಲಿ ಮಸಿ ತುಂಬಿ, ಮೇಲಿನ ಮಸಿಯನ್ನು ಒರೆಸಿ, ಒದ್ದೆಮಾಡಿದ ಕಾಗದವನ್ನಿಟ್ಟು ಉರುಳೆಯ ಯಂತ್ರದಲ್ಲಿ ಒತ್ತಿ ತೆಗೆದರೆ ಚಿತ್ರ ಮೂಡುತ್ತದೆ. ಎಡವು ಬಲವಾಗಿ, ಬಲವು ಎಡವಾಗಿ ಬರುವುದರಿಂದ ಎಲ್ಲವನ್ನೂ ತಿರುವುಮುರುವಾಗಿ ಯೋಚಿಸಬೇಕು. ಒಂದು ಗಳಿಗೆ ಮೈಮರೆತರೆ ವಾರಗಳ ಶ್ರಮ ಆಮ್ಲದ ಪಾಲು. ಫ್ರೆಂಚರು ಈ ಕಲೆಗೆ ಆ ಆಮ್ಲದ ಹೆಸರನ್ನೇ ಕೊಟ್ಟಿದ್ದಾರೆ: ‘ಓ-ಫೋರ್ತ್’, ಅಂದರೆ ‘ಬಲವಾದ ನೀರು’.

ಈ ವಿದ್ಯೆಯನ್ನು ಆತ ಯಾವ ಶಾಲೆಯಲ್ಲಿಯೂ ಕಲಿಯಲಿಲ್ಲ. ದಿದರೋ ಎಂಬ ವಿದ್ವಾಂಸ ಹದಿನೆಂಟನೆಯ ಶತಮಾನದಲ್ಲಿ ಸಂಪಾದಿಸಿದ ಮಹಾ ವಿಶ್ವಕೋಶದಲ್ಲಿದ್ದ ವಿವರಣೆಯನ್ನು ಓದಿ, ತಾನೇ ಪ್ರಯೋಗ ಮಾಡಿ ಕಲಿತ. 1852ರಲ್ಲಿ, ಇನ್ನೂ ಇಪ್ಪತ್ತು ತುಂಬದ ಆತ ಒಂದು ಅಚ್ಚುಚಿತ್ರ ಮಾಡಿದ. ಹಳ್ಳಿಯ ಕಣಜದ ಬಾಗಿಲಿಗೆ ಮೊಳೆ ಹೊಡೆದು ತೂಗುಬಿಟ್ಟ ಸತ್ತ ಪಕ್ಷಿಗಳು, ಅವುಗಳೊಡನೆ ಒಂದು ಬಾವಲಿ. ಇಷ್ಟೇ ಅದರ ವಸ್ತು. ಗರಿಗರಿಯನ್ನೂ, ಬಾಗಿಲ ಹಲಗೆಯ ಸೀಳುಗಳನ್ನೂ ಬಿಡದೆ ಕಂಡ ಆ ಕಣ್ಣು ಮುಂದೆ ಏನನ್ನು ಹುಡುಕಲಿದೆಯೆಂಬುದಕ್ಕೆ ಅದೇ ಮುನ್ಸೂಚನೆ.

ಪೆಟ್ಟಿಗೆಯಲ್ಲಿ ಬಂದ ಪುಸ್ತಕ

ಜಪಾನ್ ದೇಶವು ಇನ್ನೂರು ವರ್ಷಗಳಿಗೂ ಮಿಕ್ಕಿ ಹೊರಜಗತ್ತಿಗೆ ತನ್ನ ಬಾಗಿಲುಗಳನ್ನು ಬಹುಮಟ್ಟಿಗೆ ಮುಚ್ಚಿಕೊಂಡಿತ್ತು. ಯುರೋಪಿನವರ ಪೈಕಿ ಡಚ್ ವ್ಯಾಪಾರಿಗಳಿಗೆ ಮಾತ್ರ ನಾಗಸಾಕಿ ಬಂದರಿನಲ್ಲಿ ಅವಕಾಶವಿತ್ತು. 1854ರಲ್ಲಿ ಅಮೆರಿಕದೊಡನೆಯೂ 1858ರಲ್ಲಿ ಫ್ರಾನ್ಸಿನೊಡನೆಯೂ ಒಪ್ಪಂದಗಳಾದ ಮೇಲೆ ಅಲ್ಲಿಯ ಪಿಂಗಾಣಿ, ರೇಷ್ಮೆ, ಮೆರುಗೆಣ್ಣೆಯ ಸಾಮಾನುಗಳು ಹಡಗುಗಳಲ್ಲಿ ಬರತೊಡಗಿದವು.

ಲಿಯೋನ್ಸ್ ಬೆನೆದಿತ್ ಎಂಬ ಕಲಾವಿದ್ವಾಂಸ 1905ರಲ್ಲಿ ದಾಖಲಿಸಿದ ವೃತ್ತಾಂತದಂತೆ, 1856ರ ಸುಮಾರಿಗೆ ಫೆಲಿಕ್ಸ್ ಒಂದು ದಿನ ಓಗ್ಯುಸ್ತ್ ದೆಲಾತ್ರ್ ಎಂಬ ಮುದ್ರಕನ ಅಂಗಡಿಗೆ ಹೋದ. ಅಲ್ಲಿ ಒಂದು ಪುಟ್ಟ ಪುಸ್ತಕ ಆತನ ಕಣ್ಣಿಗೆ ಬಿತ್ತು. ದೂರದೇಶದಿಂದ ಬಂದ ಪಿಂಗಾಣಿ ಪಾತ್ರೆಗಳು ಒಡೆಯದಿರಲೆಂದು ಪೆಟ್ಟಿಗೆಯ ಸಂದಿನಲ್ಲಿ ತುರುಕಿದ್ದ ಪುಸ್ತಕವದು. ನಾವು ಗಾಜಿನ ಲೋಟಗಳ ನಡುವೆ ಹಳೆಯ ಪತ್ರಿಕೆಯನ್ನು ಮುದುಡಿ ಇಡುವುದಿಲ್ಲವೇ, ಹಾಗೆ. ಪುಟ ತಿರುವಿ ನೋಡಿದ ಫೆಲಿಕ್ಸ್ ಬೆರಗಾದ. ಅದು ಹೊಕುಸಾಯ್ ಎಂಬ ಜಪಾನೀ ಮಹಾಕಲಾವಿದನ ‘ಮಂಗಾ’ ಚಿತ್ರಸಂಪುಟಗಳಲ್ಲೊಂದು. ಹಕ್ಕಿ, ಮೀನು, ಕೀಟ, ಹುಲ್ಲು, ಮಳೆಯಲ್ಲಿ ನಡೆಯುವವರು, ಕುಸ್ತಿಯಾಳುಗಳು, ಹೊಲದ ದುಡಿಮೆಗಾರರು ಎಲ್ಲರೂ ನಾಲ್ಕಾರು ಗೆರೆಗಳಲ್ಲಿ ಜೀವಂತವಾಗಿದ್ದರು. 1814ರಲ್ಲಿ ಮೊದಲ್ಗೊಂಡ ಈ ಮಾಲೆಯಲ್ಲಿ ಒಟ್ಟು 15 ಸಂಪುಟಗಳು. ಫೆಲಿಕ್ಸ್ ಈ ಪುಸ್ತಕವನ್ನು ಕಾಣುವ ವೇಳೆಗೆ ಹೊಕುಸಾಯ್ ತೀರಿಕೊಂಡು ಕೆಲವೇ ವರ್ಷಗಳಾಗಿದ್ದವು.

ಫೆಲಿಕ್ಸ್ ಪುಸ್ತಕವನ್ನು ಬೇಡಿದ, ದೆಲಾತ್ರ್ ಕೊಡಲೊಪ್ಪಲಿಲ್ಲ. ಕೆಲಕಾಲದ ನಂತರ ಅದು ಬೇರೊಬ್ಬ ಕೆತ್ತನೆಗಾರನ ಕೈಗೆ ಹೋದದ್ದು ತಿಳಿಯಿತು. ಮರದ ಕೆತ್ತನೆಯನ್ನು ಕುರಿತ ತನ್ನಲ್ಲಿದ್ದ ಹಳೆಯ ಗ್ರಂಥವೊಂದನ್ನು ಆತನಿಗೆ ಕೊಟ್ಟು, ಬದಲಾಗಿ ಅದನ್ನು ಪಡೆದ. ಅಂದಿನಿಂದ ಆ ಪುಸ್ತಕ ಆತನ ಜೊತೆಯನ್ನು ಬಿಡಲಿಲ್ಲ. ಕಂಡ ಕಂಡ ಗೆಳೆಯರಿಗೆಲ್ಲ ಬಿಚ್ಚಿ ತೋರಿಸುತ್ತಿದ್ದ. ಇಸವಿಯ ವಿಷಯದಲ್ಲಿ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೆ ಜಪಾನೀ ಚಿತ್ರಗಳಿಗೆ ಮನಸೋತ ಮೊದಲ ಫ್ರೆಂಚ್ ಕಲಾವಿದರ ಸಾಲಿನಲ್ಲಿ ಆತನಿದ್ದನೆಂಬುದು ನಿರ್ವಿವಾದ. ಪೆಟ್ಟಿಗೆಯೊಳಗಿನ ಪಿಂಗಾಣಿಗೆ ಎಲ್ಲರೂ ಬೆಲೆ ಕಟ್ಟುತ್ತಿದ್ದಾಗ, ಪಿಂಗಾಣಿಯನ್ನು ಕಾಯುತ್ತಿದ್ದ ಕಾಗದದ ಬೆಲೆಯನ್ನು ಆತ ಕಂಡ. ಅದೇ ಆತನ ಹಿರಿಮೆ.

ಊಟದ ತಟ್ಟೆಗೆ ಬಂದ ಹಕ್ಕಿ

1866ರಲ್ಲಿ ಯೂಜೀನ್ ರೂಸೋ ಎಂಬ ಪ್ಯಾರಿಸ್ಸಿನ ವ್ಯಾಪಾರಿ ಊಟದ ಪಾತ್ರೆಗಳ ಒಂದು ಸಾಲಿಗೆ ಚಿತ್ರ ಬರೆದುಕೊಡುವಂತೆ ಫೆಲಿಕ್ಸ್‌ನನ್ನು ಕೇಳಿದ. ಅಂದಿನ ಯುರೋಪಿನ ತಟ್ಟೆಗಳಲ್ಲಿ ಅಲಂಕಾರವೆಂದರೆ ನಡುವೆ ಒಂದು ಚಿತ್ರ, ಸುತ್ತಲೂ ಅಳೆದಿಟ್ಟಂಥ ಬಳ್ಳಿ. ಫೆಲಿಕ್ಸ್ ಆ ಪದ್ಧತಿಯನ್ನು ಕೈಬಿಟ್ಟ. ಹೊಕುಸಾಯ್, ಹಿರೋಶಿಗೆ ಮೊದಲಾದವರ ಪುಸ್ತಕಗಳಲ್ಲಿದ್ದ ಹುಂಜ, ಬಾತು, ಮೀನು, ಕಪ್ಪೆ, ಚಿಟ್ಟೆ, ಹೂಗೊಂಚಲುಗಳನ್ನು ತಾಮ್ರದ ತಗಡಿನ ಮೇಲೆ ಎಚಿಂಗ್ ಮಾಡಿ, ಕಾಗದದ ಮೇಲೆ ಅಚ್ಚು ತೆಗೆದ. ಆ ಅಚ್ಚುಗಳನ್ನು ಒಂದೊಂದಾಗಿ ಕತ್ತರಿಸಿ ತಟ್ಟೆಗಳಿಗೆ ವರ್ಗಾಯಿಸಿ, ಕೈಯಿಂದ ಬಣ್ಣ ತುಂಬಿ, ಕುಲುಮೆಯಲ್ಲಿ ಸುಡಲಾಯಿತು. ತಟ್ಟೆಯ ಒಂದು ಅಂಚಿನಲ್ಲಿ ಹಕ್ಕಿ, ಇನ್ನೊಂದು ಬದಿಯಲ್ಲಿ ಹೂವಿನ ರೆಂಬೆ, ದೂರದಲ್ಲೊಂದು ಪುಟ್ಟ ಕೀಟ. ಮಿಕ್ಕದ್ದೆಲ್ಲ ಬಿಳಿಯ ಬಯಲು. ಬರಿದಾದ ಜಾಗವೂ ಚಿತ್ರದ ಭಾಗವೆಂಬ ಜಪಾನಿನ ಅರಿವು ಹೀಗೆ ಫ್ರಾನ್ಸಿನ ಊಟದ ಮೇಜಿಗೆ ಬಂದಿಳಿಯಿತು. 1867ರ ಪ್ಯಾರಿಸ್ ವಿಶ್ವಪ್ರದರ್ಶನದಲ್ಲಿ ಈ ಪಾತ್ರೆಗಳು ಜನರ ಮೆಚ್ಚುಗೆ ಗಳಿಸಿದವು. ಮುಂದೆ ಹಲವು ದಶಕಗಳವರೆಗೆ ಅವು ತಯಾರಾಗುತ್ತಲೇ ಇದ್ದವು. ಆ ದಿನಗಳಲ್ಲಿ ಜಪಾನ್‌ಪ್ರಿಯರಾದ ಕೆಲವು ಗೆಳೆಯರು ಸೆವ್ರ್ ಎಂಬ ಊರಿನಲ್ಲಿ ಕೂಟವೊಂದನ್ನು ಕಟ್ಟಿಕೊಂಡು, ಜಪಾನೀಯರಂತೆ ಕಡ್ಡಿಗಳಿಂದ ಉಣ್ಣುತ್ತ ಸಂಭ್ರಮಿಸುತ್ತಿದ್ದುದೂ ಉಂಟು. ಫೆಲಿಕ್ಸ್ ಅದರಲ್ಲೊಬ್ಬ.

ತಾನು ಕಲಿತದ್ದನ್ನು ಬಚ್ಚಿಡುವ ಸ್ವಭಾವ ಆತನದಾಗಿರಲಿಲ್ಲ. 1862ರಲ್ಲಿ ಎಚಿಂಗ್ ಕಲಾವಿದರ ಸಂಘವೊಂದು ಪ್ಯಾರಿಸ್ಸಿನಲ್ಲಿ ಸ್ಥಾಪನೆಯಾದಾಗ ಆತ ಮುಂಚೂಣಿಯಲ್ಲಿದ್ದ. ಮಾನೆಯಂಥ ಹೆಸರಾಂತ ವರ್ಣಚಿತ್ರಕಾರನಿಗೆ ತಾಮ್ರಫಲಕದ ಕೆಲಸದಲ್ಲಿ ನೆರವಾದ. ದೆಗಾ ಆತನ ಸಲಹೆ ಕೇಳುತ್ತಿದ್ದ. ಇಂಪ್ರೆಷನಿಸ್ಟ್ ಪಂಥದ ಕಲಾವಿದರು 1874ರಲ್ಲಿ ನಡೆಸಿದ ಮೊತ್ತಮೊದಲ ಪ್ರದರ್ಶನದಲ್ಲಿ ಆತನ ಅಚ್ಚುಚಿತ್ರಗಳೂ ಇದ್ದವು. ಎಡ್ಮಂಡ್ ದ ಗೊಂಕೂರ್ ಎಂಬ ಸಾಹಿತಿಯ ಭಾವಚಿತ್ರ, ‘ಮುದಿ ಹುಂಜ’ ಎಂಬ ಪಕ್ಷಿಚಿತ್ರ, ಇವೆರಡೂ 1882ರವು, ಆತನ ಹೆಸರನ್ನು ದೂರದೂರಕ್ಕೆ ಒಯ್ದವು. ಜೀವಮಾನದಲ್ಲಿ ಆತ ಸಿದ್ಧಪಡಿಸಿದ ಫಲಕಗಳು 800ಕ್ಕೂ ಹೆಚ್ಚು. 1889ರಲ್ಲಿ ಫ್ರಾನ್ಸ್ ಸರಕಾರ ತನ್ನ ಉನ್ನತ ಗೌರವವಾದ ಲೀಜನ್ ಆಫ್ ಆನರ್‌ನ ಅಧಿಕಾರಿ ಪದವಿಯನ್ನಿತ್ತು ಸನ್ಮಾನಿಸಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಧನ್ಯಜೀವನದ ಕಥೆಯಾಗುತ್ತಿತ್ತು. ಆದರೆ ಆತನ ಮನೆಯೊಳಗೆ ಇನ್ನೊಂದು ಬಾಳು ನಡೆಯುತ್ತಿತ್ತು.

ಹೂಗಳಿಂದ ಬಣ್ಣ ತೆಗೆದ ಹುಡುಗಿ

ಮರೀ ಕಿವೊರೋನ್ ಹುಟ್ಟಿದ್ದು 1840ರ ಡಿಸೆಂಬರ್ 1ರಂದು, ಫ್ರಾನ್ಸಿನ ಪಶ್ಚಿಮ ಕರಾವಳಿಯ ಬ್ರಿಟನಿ ಪ್ರಾಂತದಲ್ಲಿ. ತಂದೆ ಹಡಗಿನ ಕಪ್ತಾನ. ಮಗಳು ಕೂಸಾಗಿದ್ದಾಗಲೇ ತೀರಿಕೊಂಡ. ಬಡತನದಲ್ಲಿ ಬೆಳೆದ ಹುಡುಗಿಗೆ ಬಣ್ಣದ ಪೆಟ್ಟಿಗೆ ಎಲ್ಲಿಂದ ಬರಬೇಕು? ತಾಯಿಯ ಹುಟ್ಟುಹಬ್ಬಕ್ಕೆಂದು ಕಾಡುಹೂಗಳನ್ನು ಅರೆದು ಬಣ್ಣ ತೆಗೆದು ಚಿತ್ರ ಬರೆದಳಂತೆ. ಅದನ್ನು ಕಂಡ ಕುಟುಂಬಸ್ನೇಹಿತರೊಬ್ಬರು ಆಕೆಗೆ ಬಣ್ಣಗಳನ್ನು ಕೊಡಿಸಿದರು. 1857ರಲ್ಲಿ, ಹದಿನೇಳು ತುಂಬುವ ಮುನ್ನವೇ, ಆಕೆಯ ಚಿತ್ರ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಸ್ಥಾನ ಪಡೆಯಿತು. ವೃದ್ಧ ಆಂಗ್ರ್‌ನ ಮಾರ್ಗದರ್ಶನವೂ ದೊರೆಯಿತು. ಆದರೆ ಹೆಣ್ಣುಮಕ್ಕಳಿಗೆ ಹೂವು ಹಣ್ಣುಗಳ ಚಿತ್ರವೇ ಸಾಕೆಂಬ ಆತನ ಧೋರಣೆ ಆಕೆಗೆ ಹಿಡಿಸಲಿಲ್ಲ.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಹಿರಿಯರ ಚಿತ್ರಗಳ ಪ್ರತಿ ತೆಗೆಯುತ್ತ ಕುಳಿತಿದ್ದ ಮರೀಯನ್ನು ಫೆಲಿಕ್ಸ್ ಕಂಡ, ಮೆಚ್ಚಿದ. ಹುಡುಗಿಯ ತಾಯಿಗೆ ಮನಸ್ಸಿರದಿದ್ದರೂ 1869ರಲ್ಲಿ ಇಬ್ಬರ ವಿವಾಹವಾಯಿತು. ಮರುವರ್ಷ ಪ್ಯಾರಿಸ್ ನಗರಕ್ಕೆ ಶತ್ರುಸೇನೆ ಮುತ್ತಿಗೆ ಹಾಕಿದ ಸಂಕಟದ ಕಾಲ. ಅದೇ 1870ರಲ್ಲಿ ಏಕಮಾತ್ರ ಪುತ್ರ ಪಿಯೇರ್ ಜನಿಸಿದ. ಬಾಣಂತನದ ನಂತರ ಆಕೆಯ ದೇಹಸ್ಥಿತಿ ಪೂರ್ತಿಯಾಗಿ ಸುಧಾರಿಸಲೇ ಇಲ್ಲ.

ನ್ಯಾಯವಾಗಿ ನುಡಿಯಬೇಕಾದರೆ, ಮೊದಲಲ್ಲಿ ಫೆಲಿಕ್ಸ್ ಹೆಂಡತಿಯ ಕೈ ಹಿಡಿದೇ ನಡೆಸಿದ. 1872ರಿಂದ ಆತ ಹಾವಿಲಾಂಡ್ ಪಿಂಗಾಣಿ ಸಂಸ್ಥೆಯ ಪ್ಯಾರಿಸ್ ಕಾರ್ಯಾಗಾರದ ಕಲಾನಿರ್ದೇಶಕನಾಗಿದ್ದಾಗ ಆಕೆಯೂ ಅಲ್ಲಿ ಚಿತ್ರ ರಚಿಸಿದಳು. ಕಲೆಗಳ ಅಧಿದೇವತೆಯರನ್ನು ಕುರಿತು ಆಕೆ ರಚಿಸಿದ ದೊಡ್ಡ ಪಿಂಗಾಣಿ ಫಲಕ 1878ರ ವಿಶ್ವಪ್ರದರ್ಶನದಲ್ಲಿತ್ತು. ಎಚಿಂಗ್ ಕಲೆಯನ್ನು ಆಕೆಗೆ ಪರಿಚಯಿಸಿದವನೂ ಆತನೇ. 1876ರಲ್ಲಿ ಆತ ರಚಿಸಿದ ಒಂದು ಅಚ್ಚುಚಿತ್ರವಿದೆ. ಸೆವ್ರ್‌ನ ತಮ್ಮ ಮನೆಯ ಅಂಗಳದಲ್ಲಿ ಮರೀ ಚಿತ್ರ ಬರೆಯುತ್ತ ಕುಳಿತಿದ್ದಾಳೆ. ಆಕೆಯ ತಂಗಿ ಲೂಯೀಸ್ ಎದುರಿಗಿದ್ದಾಳೆ. ಹೆಂಡತಿಯ ಕೈಯಲ್ಲಿದ್ದ ಚಿತ್ರಕಲೆಯನ್ನು ಫೆಲಿಕ್ಸ್ ಕಣ್ಣಾರೆ ಕಂಡಿದ್ದನೆಂಬುದಕ್ಕೆ ಆತನ ತಾಮ್ರಫಲಕವೇ ಸಾಕ್ಷಿ.

ಬೇಸರ ಮೊಳೆತದ್ದು ಆಕೆ ತನ್ನ ದಾರಿ ಕಂಡುಕೊಂಡಾಗ. ಮರೀ ಮಾನೆ, ರೆನ್ವಾರ್ ಮೊದಲಾದವರ, ವಿಶೇಷವಾಗಿ ಮೋನೆಯ ಬಯಲ ಬೆಳಕಿನ ಚಿತ್ರಗಳಿಗೆ ಒಲಿದಳು. ಕೋಣೆಯನ್ನು ಬಿಟ್ಟು ತೋಟದಲ್ಲಿ ಕುಳಿತು ಬರೆಯತೊಡಗಿದಳು. ಬಿಳಿಯ ಉಡುಪಿನ ಮೇಲೆ ಬಿದ್ದ ಎಲೆಗಳ ಹಸಿರು ನೆರಳನ್ನು, ಮಧ್ಯಾಹ್ನದ ಬಿಸಿಲ ತೆಳುಬಣ್ಣಗಳನ್ನು ಹಿಡಿಯಲು ಹೆಣಗಿದಳು. ‘ಸೆವ್ರ್‌ನ ಅಂಗಳದಲ್ಲಿ’, ‘ಸಂಜೆಯ ಉಪಾಹಾರ’ ಎಂಬ ಚಿತ್ರಗಳು 1880ರ ಸುಮಾರಿನವು. 1879, 1880 ಮತ್ತು 1886ರ ಇಂಪ್ರೆಷನಿಸ್ಟ್ ಪ್ರದರ್ಶನಗಳಲ್ಲಿ ಆಕೆ ಭಾಗವಹಿಸಿದಳು. ಗಂಡನಾದರೋ ರೇಖೆಯನ್ನೇ ನಂಬಿದವನು. ಗೆರೆಯನ್ನು ಕರಗಿಸಿ ಬೆಳಕನ್ನು ಮೆರೆಸುವ ಆ ಹೊಸ ರೀತಿ ಆತನಿಗೆ ಒಗ್ಗಲಿಲ್ಲ. ಅಭಿಪ್ರಾಯಭೇದ ತಪ್ಪಲ್ಲ, ಒಂದೇ ಸೂರಿನಡಿ ಎರಡು ಬಗೆಯ ಕಲೆ ಬೆಳೆಯಬಾರದೆಂಬ ನಿಯಮವಿಲ್ಲ. ಆದರೆ ಮಗ ಪಿಯೇರ್ ಮುಂದೆ ಬರೆದಿಟ್ಟ, ಅಚ್ಚಾಗದೆ ಉಳಿದ ತಂದೆತಾಯಿಗಳ ಚರಿತ್ರೆಯಿಂದ ತಿಳಿದುಬರುವುದೇನೆಂದರೆ, ತಂದೆಗೆ ತಾಯಿಯ ಸಾಧನೆಯ ಬಗ್ಗೆ ಅಸಹನೆಯಿತ್ತು. ಮನೆಗೆ ಬಂದ ಗೆಳೆಯರಿಗೆ ಆಕೆಯ ಚಿತ್ರಗಳನ್ನು ಆತ ತೋರಿಸುತ್ತಿದ್ದುದು ಅಪರೂಪ. ತನ್ನ ಕೆಲಸದ ಬಗ್ಗೆ ಆಕೆ ಆಡಿದ ವಿಮರ್ಶೆಯ ಮಾತನ್ನೂ ಆತ ಸಹಿಸುತ್ತಿರಲಿಲ್ಲ.

ಓದುಗರು ಒಂದು ಕ್ಷಣ ಇಲ್ಲಿ ನಿಂತು ಯೋಚಿಸಬೇಕು. ಯಾರೋ ಪೆಟ್ಟಿಗೆಯಲ್ಲಿ ತುರುಕಿದ್ದ ಪುಸ್ತಕವನ್ನು ಬೇಡಿ, ಕಾದು, ಬದಲು ಕೊಟ್ಟು ಪಡೆದು, ಕಂಡವರಿಗೆಲ್ಲ ತೋರಿಸಿದ್ದ ಮನುಷ್ಯನೇ ಈತ. ಮನೆಯ ಗೋಡೆಗೆ ಒರಗಿಸಿಟ್ಟಿದ್ದ ಚಿತ್ರಗಳನ್ನು ಬಂದವರಿಗೆ ತೋರಿಸಲು ಆತನ ಕೈ ಏಳಲಿಲ್ಲ.

1887ರಲ್ಲಿ ಮರೀ ಬರೆದ ಒಂದು ಚಿತ್ರದ ಹೆಸರು ‘ದೀಪದ ಕೆಳಗೆ’. ರಾತ್ರಿಯ ಊಟದ ಮೇಜು, ಅದರ ಮೇಲೆ ಹರಡಿದ ದೀಪದ ಬೆಳಕು. ದೀಪದ ಬುಡದಲ್ಲಿ ಕತ್ತಲೆಯೆಂಬ ನಮ್ಮ ಗಾದೆ ಆಕೆಗೆ ತಿಳಿದಿರಲು ಸಾಧ್ಯವಿಲ್ಲ. ಆಕೆ ಬೆಳಕನ್ನಷ್ಟೇ ಬರೆದಳು. ಕತ್ತಲೆಯನ್ನು ಒಳಗೇ ಇಟ್ಟುಕೊಂಡಳು.

1890ರಲ್ಲಿ ಆಕೆಯ 9 ಎಚಿಂಗ್‌ಗಳು ಪ್ಯಾರಿಸ್ಸಿನ ದ್ಯುರಾಂ-ರುಯೆಲ್ ಚಿತ್ರಶಾಲೆಯಲ್ಲಿ ಪ್ರದರ್ಶಿತವಾದವು. ಅದೇ ಸುಮಾರಿಗೆ ಆಕೆ ಚಿತ್ರಕಾರ್ತಿಯಾಗಿ ಬಾಳುವುದನ್ನು ನಿಲ್ಲಿಸಿಬಿಟ್ಟಳು. ವಯಸ್ಸು ಐವತ್ತು. ಜಗಳವಾಡಿ ಬಿಟ್ಟಳೆಂದಲ್ಲ, ದಿನದಿನದ ಕಿರಿಕಿರಿ, ಕುಂದಿದ ಆರೋಗ್ಯ, ಬೆನ್ನು ತಟ್ಟುವವರಿಲ್ಲದ ಒಂಟಿತನ, ಎಲ್ಲ ಸೇರಿ ಕೈಯ ಕುಂಚವನ್ನು ಕೆಳಗಿಡಿಸಿದವು. ಆಮೇಲೆ ಮನೆಮಂದಿಯಷ್ಟೇ ಕಂಡ ಕೆಲವು ಚಿಕ್ಕ ರಚನೆಗಳ ಹೊರತು ಮತ್ತೇನಿಲ್ಲ. ಹೀಗೆ ಆಕೆ ಸುಮಾರು 25 ವರ್ಷ ಬದುಕಿದಳು. ಫೆಲಿಕ್ಸ್ 1914ರ ಅಕ್ಟೋಬರ್ 29ರಂದು, 81ನೆಯ ವಯಸ್ಸಿನಲ್ಲಿ ಸೆವ್ರ್‌ನಲ್ಲಿ ತೀರಿಕೊಂಡ. 1916ರ ಜನವರಿಯಲ್ಲಿ ಮರೀಯೂ ಅದೇ ಊರಿನಲ್ಲಿ ಕಣ್ಮುಚ್ಚಿದಳು.

ಸತ್ತ ಮೂರು ವರ್ಷಗಳ ಮೇಲೆ, 1919ರಲ್ಲಿ, ಪ್ಯಾರಿಸ್ಸಿನ ಚಿತ್ರಶಾಲೆಯೊಂದು ಆಕೆಯ ಕೃತಿಗಳ ಪ್ರದರ್ಶನ ಏರ್ಪಡಿಸಿತು. ಬರ್ತ್ ಮೊರಿಸೋ, ಮೇರಿ ಕ್ಯಾಸಟ್ ಎಂಬಿಬ್ಬರ ಜೊತೆಗೆ ಇಂಪ್ರೆಷನಿಸ್ಟ್ ಪಂಥದ ಮೂವರು ಹಿರಿಯ ಮಹಿಳೆಯರಲ್ಲಿ ಒಬ್ಬಳೆಂದು ಕಲಾವಿಮರ್ಶಕರು ಆಕೆಯನ್ನು ಎಣಿಸುತ್ತಾರೆ. ‘ಸಂಜೆಯ ಉಪಾಹಾರ’ ಇಂದು ಪ್ಯಾರಿಸ್ಸಿನ ಪೆತಿ ಪಾಲೆ ಸಂಗ್ರಹಾಲಯದ ಸೊತ್ತು. ಸೆವ್ರ್‌ನ ಅಂಗಳದಲ್ಲಿ ಬರೆದ ಇನ್ನೊಂದು ಚಿತ್ರ ಟೋಕಿಯೋ ನಗರದ ಆರ್ಟಿಜೋನ್ ಸಂಗ್ರಹಾಲಯದಲ್ಲಿದೆ. ಯಾವ ಜಪಾನಿನಿಂದ ಬಂದ ಪುಸ್ತಕವನ್ನು ಫೆಲಿಕ್ಸ್ ಎದೆಗವಚಿಕೊಂಡಿದ್ದನೋ, ಆ ಜಪಾನೇ ಆತನ ಮಡದಿಯ ಚಿತ್ರವನ್ನು ಇಂದು ಜತನದಿಂದ ಕಾಪಾಡಿಕೊಂಡಿದೆ.

ನಮ್ಮ ಅಂಗಳದ ಮಾತು

ಫೆಲಿಕ್ಸ್ ದುಷ್ಟನಾಗಿರಲಿಲ್ಲ. ಹೊಡೆದವನಲ್ಲ, ಮನೆ ಬಿಟ್ಟು ಹೋದವನಲ್ಲ, ದುಡಿಯದೆ ಕುಳಿತವನಲ್ಲ. ಲೋಕದ ಕಣ್ಣಿಗೆ ಸಂಭಾವಿತ ಗೃಹಸ್ಥ. ಆದ್ದರಿಂದಲೇ ಆತನ ಕಥೆ ನಮ್ಮನ್ನು ತಟ್ಟಬೇಕು. ನಮ್ಮ ಮನೆಗಳಲ್ಲಿಯೂ ಇಂಥ ಸಂಭಾವಿತರೇ ಹೆಚ್ಚು. ಊರ ಸಮಾರಂಭದಲ್ಲಿ ಪರವೂರಿನ ಗಾಯಕಿಗೆ ಹಾರ ಹಾಕಿ ಚಪ್ಪಾಳೆ ತಟ್ಟುವ ನಾವು, ಅಡುಗೆಮನೆಯಲ್ಲಿ ಗುನುಗುವ ಸೊಸೆಯ ಕಂಠಕ್ಕೆ ಕಿವಿಗೊಟ್ಟಿದ್ದೇವೆಯೇ? ಹಳೆಯ ಸೀರೆಗಳ ತುಂಡು ಸೇರಿಸಿ ಅಜ್ಜಿ ಹೊಲಿದ ಕೌದಿಯ ಬಣ್ಣಗಳ ಹೊಂದಿಕೆಯನ್ನು ಬೆಳಕಿಗೆ ಹಿಡಿದು ನೋಡಿದ್ದೇವೆಯೇ? ಲೆಕ್ಕದಲ್ಲಿ ಚುರುಕಾಗಿದ್ದ ಹೆಂಡತಿ, ಮದುವೆಗೆ ಮುನ್ನ ಕಥೆ ಬರೆಯುತ್ತಿದ್ದ ಅತ್ತಿಗೆ, ಇವರು ಯಾವಾಗ ನಿಲ್ಲಿಸಿದರೆಂಬುದಾದರೂ ನಮಗೆ ನೆನಪಿದೆಯೇ?

ಬೇಡವೆಂದು ನಾವು ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ತಾಮ್ರದ ಗೆರೆಯನ್ನು ಕೊರೆಯುವುದು ಸೂಜಿಯಲ್ಲ. ಸೂಜಿ ಲೇಪವನ್ನಷ್ಟೇ ಗೀರುತ್ತದೆ. ಸದ್ದಿಲ್ಲದೆ ಕೊರೆಯುವುದು ಅದನ್ನು ಮುಳುಗಿಸಿಟ್ಟ ನೀರು. ಮನೆಯ ವಾತಾವರಣವೂ ಹಾಗೆಯೇ. ಒಂದು ಕಟುಮಾತು ಮನಸ್ಸಿನ ಮೇಲ್ಪದರವನ್ನು ಗೀರಬಹುದು. ಪ್ರತಿದಿನದ ಉದಾಸೀನ ಅದನ್ನು ಆಳಕ್ಕೆ ಇಳಿಸುತ್ತದೆ.

ಇದಕ್ಕೆ ಪರಿಹಾರ ದೊಡ್ಡದೇನಲ್ಲ. ಫೆಲಿಕ್ಸ್ ಜಪಾನೀ ಪುಸ್ತಕಕ್ಕೆ ಮಾಡಿದ್ದನ್ನೇ ನಾವು ಮನೆಯವರಿಗೆ ಮಾಡಿದರೆ ಸಾಕು: ಬಿಚ್ಚಿ ನೋಡುವುದು, ಮೆಚ್ಚುವುದು, ನಾಲ್ವರಿಗೆ ತೋರಿಸುವುದು. ಈ ತಿಂಗಳು ಮನೆಗೆ ಬಂಧುಗಳು ಬಂದಾಗ, ಉಪಾಹಾರದ ತಟ್ಟೆ ಖಾಲಿಯಾದ ಬಳಿಕ, ‘ನಮ್ಮ ಮನೆಯಾಕೆ ಬರೆದದ್ದು ನೋಡಿ’ ಎಂದೋ, ‘ನಮ್ಮ ಮಗಳ ಹಾಡೊಂದು ಕೇಳಿ’ ಎಂದೋ ಯಜಮಾನರ ಬಾಯಿಂದ ಒಂದು ಮಾತು ಬರಲಿ. ಮರೀ ಕೊನೆಯವರೆಗೆ ಕಾದದ್ದು ಪ್ರಾಯಶಃ ಅಂಥ ಒಂದು ಮಾತಿಗಾಗಿ.